ಹೆಚ್ಚುವರಿ ಜಮಾ

ಮಾರ್ಚ್ 3, ಸೋಮವಾರ

ಕಟ್ಟಡದ ಮಾಲೀಕರು ಇವತ್ತು ತಾವೇ ಲ್ಯಾಬಿಗೆ ಬಂದರು. ಮೂರು ತಿಂಗಳ ಬಾಡಿಗೆ ಬಾಕಿ. ಅವರು ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ಅವರು ಕೈಕಟ್ಟಿ ನಿಂತು, ಬೆಂಚಿನ ಮೇಲೆ ಸಾಲಾಗಿ ಒಣಗುತ್ತಿದ್ದ ಹಲ್ಲಿನ ಸೆಟ್ಟುಗಳನ್ನು ನೋಡಿ, "ಇಷ್ಟೊಂದು ಜನ ನಗ್ತಾ ಇದಾರೆ, ನೀವೊಬ್ಬರೇ ಯಾಕಮ್ಮ ಹೀಗಿದೀರಿ?" ಎಂದರು. ಏಪ್ರಿಲ್ ಮೊದಲ ವಾರದೊಳಗೆ ಒಂದು ತಿಂಗಳದ್ದಾದರೂ ಕೊಡಬೇಕಂತೆ.

ಅವರು ಹೋದ ಮೇಲೆ ಸಾಲ ಸಲಹಾ ಕೇಂದ್ರಕ್ಕೆ ಫೋನ್ ಮಾಡಿ, ದಿವಾಳಿ ಅರ್ಜಿ ಹಾಕುವುದು ಹೇಗೆ ಎಂದು ಕೇಳಿದೆ. ದಿವಾಳಿ ಎನ್ನುವಾಗ ದನಿ ತಾನೇ ತಗ್ಗಿತು. ಲ್ಯಾಬಿನಲ್ಲಿ ಪ್ಲಾಸ್ಟರ್ ಬಾಯಿಗಳನ್ನು ಬಿಟ್ಟರೆ ಕೇಳುವವರು ಯಾರೂ ಇರಲಿಲ್ಲ. ಆ ಕಡೆಯ ಹೆಂಗಸು, "ಬರೋ ಮುಂಚೆ ಏನೇನಾಯ್ತು ಅಂತ ಬರ್ಕೊಳ್ಳಿ. ಬೇರೆ ಯಾರದ್ದೋ ವಿಷಯ ಅಂದ್ಕೊಂಡು ಬರೀರಿ, ಸಲೀಸಾಗತ್ತೆ" ಎಂದರು. ಅದಕ್ಕೇ ಆರ್ಡರ್ ಪುಸ್ತಕದ ಹಿಂದಿನ ಖಾಲಿ ಹಾಳೆಗಳಲ್ಲಿ ಶುರು ಮಾಡಿದ್ದೇನೆ.

ನಾನು ಹಲ್ಲು ಮಾಡುವವಳು. ಡಾಕ್ಟರಲ್ಲ. ಡಾಕ್ಟರುಗಳು ಬಾಯಿಯ ಅಚ್ಚು ಕಳಿಸುತ್ತಾರೆ, ನಾವು ಸೆಟ್ಟೋ ಕ್ಯಾಪೋ ಮಾಡಿ ಕಳಿಸುತ್ತೇವೆ. ನಾವು ಎಂದರೆ ನಾನು ಮತ್ತು ಆ ಮಹಾನುಭಾವ. ಒಂದೇ ತರಗತಿಯಲ್ಲಿ ಕಲಿತು, ಮದುವೆಯಾಗಿ, ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತು ಇಪ್ಪತ್ತೊಂದು ವರ್ಷ ಕೆಲಸ ಮಾಡಿದವರು. ಮೇಣದಲ್ಲಿ ಹಲ್ಲು ಕೆತ್ತುವುದು ನನ್ನ ಕೆಲಸ, ಬಣ್ಣ ಕೊಟ್ಟು ಓವನ್ನಿನಲ್ಲಿ ಸುಡುವುದು ಅವನದು. ಹಲ್ಲು ಬಿಳಿ ಎಂದುಕೊಂಡವರು ಹಲ್ಲನ್ನು ಸರಿಯಾಗಿ ನೋಡಿಲ್ಲ. ಅದರೊಳಗೆ ಹಳದಿ ಇದೆ, ಬೂದು ಇದೆ, ತುದಿಯಲ್ಲಿ ಒಂಚೂರು ನೀಲಿಯೂ ಇದೆ. ಅದೆಲ್ಲ ಅವನ ಕಣ್ಣಿಗೆ ಕಾಣುತ್ತಿತ್ತು. ನನಗೆ ಕಾಣುವುದಿಲ್ಲ. ಈಗ ಬಣ್ಣದ ಕೆಲಸವನ್ನು ಬೇರೆ ಲ್ಯಾಬಿಗೆ ಕೊಟ್ಟು ಮಾಡಿಸುತ್ತೇನೆ.

ಐದು ವರ್ಷದ ಹಿಂದೆ ಹಲ್ಲು ಕೊರೆಯುವ ಕಂಪ್ಯೂಟರ್ ಮೆಷಿನ್‌ಗೆ ಮುಂಗಡ ಕೊಟ್ಟು ಬಂದು, ಆಮೇಲೆ ನನಗೆ ಹೇಳಿದ. ಮುಂಗಡ ಮುಳುಗುತ್ತದಲ್ಲ ಎಂದು ನಾನೂ ಸಹಿ ಹಾಕಿದೆ. ಮೂರು ಕಡೆ ಸಾಲ. ಮೆಷಿನ್ ಬಂದ ವರ್ಷವೇ ದೊಡ್ಡ ಕ್ಲಿನಿಕ್ಕುಗಳು ತಮ್ಮದೇ ಮೆಷಿನ್ ತರಿಸಿಕೊಂಡವು. ನಮ್ಮದನ್ನು ಮಾರಿದರೂ ಸಾಲ ತೀರಲಿಲ್ಲ. ಕೊನೆಗೆ ಸಾಲ ಕೊಟ್ಟವರ ಜೊತೆ ಒಪ್ಪಂದವಾಯಿತು: ಅರವತ್ತು ತಿಂಗಳು, ಪ್ರತಿ ಐದನೇ ತಾರೀಕು ಎಲ್ಲರಿಗೂ ಸೇರಿ ಒಂದೇ ಕಂತು, ಹೊಸ ಬಡ್ಡಿ ಇಲ್ಲ. ಒಂದು ಕಂತು ತಪ್ಪಿದರೂ ಒಪ್ಪಂದ ಮುರಿಯುತ್ತದೆ, ಮೂವರೂ ಬಾಗಿಲಿಗೆ ಬರುತ್ತಾರೆ.

ಮೂವತ್ತು ಕಂತು ಜೊತೆಯಲ್ಲಿ ಕಟ್ಟಿದೆವು. ಕಳೆದ ಜೂನ್‌ನಲ್ಲಿ ಅವನು ತಾಯಿಯ ಮನೆಗೆ ಹೋದ. ವಿಚ್ಛೇದನದ ಅರ್ಜಿ ಕೋರ್ಟಿನಲ್ಲಿದೆ, ಏಪ್ರಿಲ್ ಎರಡಕ್ಕೆ ಕೊನೆಯ ವಾಯಿದೆ. ಹೋಗುವಾಗ ಕಂತು ಅರ್ಧರ್ಧ ಎಂದು ಮಾತು ಕೊಟ್ಟಿದ್ದ. ಅವನ ಮಾತು! ಅದನ್ನು ನಂಬಿ ಕೂತರೆ ಆಯಿತಲ್ಲ. ಎಂಟು ತಿಂಗಳಿಂದ ಪೂರ್ತಿ ಕಂತು ನಾನೇ ಕಟ್ಟುತ್ತಿದ್ದೇನೆ. ಬಾಡಿಗೆ ನಿಂತದ್ದು ಅದಕ್ಕೇ. ಇನ್ನೂ ಇಪ್ಪತ್ತೆರಡು ಕಂತು ಇದೆ, ನನ್ನ ಕೈಯಲ್ಲಿ ಆಗುವುದಿಲ್ಲ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ನಾವು ಉಣ್ಣುವುದೂ ಬೇರೆ, ಮಲಗುವುದೂ ಬೇರೆ, ಸಾಲ ಮಾತ್ರ ಜಂಟಿ.

ಮಾರ್ಚ್ 5, ಬುಧವಾರ

ಕಂತು ಕಟ್ಟಿದೆ. ಪೂರ್ತಿ. ಫೋನಿನಲ್ಲೇ ಹಣ ಕಳಿಸಿದೆ.

ಕಂತು ಪಡೆದು ಮೂವರಿಗೂ ಹಂಚುವ ಒಪ್ಪಂದದ ಕಚೇರಿಯಿಂದ ಮತ್ತೊಂದು ಕಂದು ಲಕೋಟೆ ಬಂದಿದೆ. ಡ್ರಾಯರಿಗೆ ಹಾಕಿದೆ. ಕಂದು ಲಕೋಟೆಯಲ್ಲಿ ಒಳ್ಳೆ ಸುದ್ದಿ ಬಂದದ್ದನ್ನು ನಾನು ಕಂಡಿಲ್ಲ. ದುಡ್ಡು ಕಟ್ಟಿಯಾಗಿದೆ, ಇನ್ನು ಅವರ ಬುದ್ಧಿಮಾತು ಬೇರೆ ಓದಬೇಕೇ?

ಮಾರ್ಚ್ 6, ಗುರುವಾರ

ಗುರುವಾರ ಎಂದರೆ ಅತ್ತೆ. ಮಗ ಬಿಟ್ಟು ಹೋದರೂ ತಾಯಿ ಬರುವುದು ಬಿಟ್ಟಿಲ್ಲ. ಅವರ ಸೆಟ್ಟು ನಾನೇ ಮಾಡಿದ್ದು. ಅದು ಪ್ರತಿ ಗುರುವಾರ ಒತ್ತುತ್ತದೆ, ಒಂದು ವಾರ ಎಡಗಡೆ, ಒಂದು ವಾರ ಬಲಗಡೆ.

"ಇಲ್ಲಿ ನೋಡು, ಸೂಜಿ ಚುಚ್ಚಿದ ಹಾಗಾಗತ್ತೆ."

ದೀಪ ಹಿಡಿದು ನೋಡಿದೆ. ಕೆಂಪಿಲ್ಲ, ಗಾಯವಿಲ್ಲ. ಸೆಟ್ಟು ತೊಳೆದು, ಉಜ್ಜುವ ಮೆಷಿನ್ ಶುರು ಮಾಡಿ, ತಾಗಿಸದೆ ಎರಡು ನಿಮಿಷ ಬರೀ ಸದ್ದು ಕೇಳಿಸಿ ವಾಪಸ್ ಕೊಟ್ಟೆ.

"ಹಾಂ, ಈಗ ಸರಿಯಾಯ್ತು. ನಿನ್ನ ಕೈ ಕೈಯೇ ಬಿಡು."

ಆಮೇಲೆ ಒಂದೂವರೆ ಗಂಟೆ ಕೂತರು. ಎದ್ದು ಹೊರಡುವಾಗ, ನಾನು ಕೇಳದಿದ್ದರೂ, "ಅವನು ಬೈಕ್ ಮಾರಿಬಿಟ್ಟ. ಕೆಲಸಕ್ಕೆ ಬಸ್ಸಲ್ಲೇ ಹೋಗ್ತಾನೆ" ಎಂದರು. ಅವನು ಈಗ ಊರಾಚೆಯ ದೊಡ್ಡ ಲ್ಯಾಬಿನಲ್ಲಿ ಸಂಬಳಕ್ಕಿದ್ದಾನೆ.

ಬೈಕ್ ಎಂದರೆ ಪ್ರಾಣ ಬಿಡುತ್ತಿದ್ದವನು ಯಾಕೆ ಮಾರಿದ? ಏನೋ ಹೂಡಿದ್ದಾನೆ. ಇದ್ದದ್ದನ್ನೆಲ್ಲ ಮಾರಿ ಬರಿಗೈ ತೋರಿಸುವುದು ದಿವಾಳಿ ಅರ್ಜಿ ಹಾಕುವವರ ಲಕ್ಷಣ.

ಮಾರ್ಚ್ 11, ಮಂಗಳವಾರ

ಸಲಹಾ ಕೇಂದ್ರಕ್ಕೆ ಹೋಗಿ ಬಂದೆ. ಅವತ್ತು ಫೋನಿನಲ್ಲಿ ಸಿಕ್ಕವರೇ ಇದ್ದರು. ಎಲ್ಲವನ್ನೂ ಪೆನ್ಸಿಲ್ಲಿನಲ್ಲೇ ಬರೆಯುತ್ತಾರೆ. ಯಾಕೆ ಎಂದರೆ, "ಇಲ್ಲಿಗೆ ಬಂದವರು ಎರಡು ಸಲ ಮನಸ್ಸು ಬದಲಾಯಿಸ್ತಾರೆ, ಪೆನ್ನು ದಂಡ" ಎಂದರು. ನಾನು ಅವರಿಗೆ ಪೆನ್ಸಿಲ್ ಮೇಡಂ ಎಂದು ಹೆಸರಿಟ್ಟಿದ್ದೇನೆ.

ಒಪ್ಪಂದದ ನಂಬರ್ ನೋಡಿದವರೇ ನಿಂತುಬಿಟ್ಟರು. "ಈ ಒಪ್ಪಂದದ ಇನ್ನೊಬ್ಬರು ಆಗಲೇ ನನ್ನ ಹತ್ರ ಬಂದು ಹೋಗಿದಾರೆ. ಅವರು ಏನು ಕೇಳಿದ್ರು ಅಂತ ನಾನು ಹೇಳೋ ಹಾಗಿಲ್ಲ. ನೀವು ಹೇಳಿದ್ದನ್ನೂ ಅವರಿಗೆ ಹೇಳಲ್ಲ."

ಹೇಳುವುದೇನು ಬಂತು. ಅವನೂ ದಿವಾಳಿ ಅರ್ಜಿಗೇ ಬಂದಿರಬೇಕು.

ಮೇಡಂ ಬಿಡಿಸಿ ಹೇಳಿದರು. ನಾನು ದಿವಾಳಿ ಎಂದು ಘೋಷಿಸಿಕೊಂಡರೆ ನನ್ನ ಮೇಲಿನ ಸಾಲ ವರ್ಷದೊಳಗೆ ಅಳಿಸಿಹೋಗುತ್ತದೆ. ಓವನ್ನು, ಬೆಂಚು, ಉಜ್ಜುವ ಮೆಷಿನ್ ಎಲ್ಲ ಹರಾಜಿಗೆ. ನಾನು ಸಂಬಳದ ಕೆಲಸ ಹುಡುಕಬೇಕು. ಆದರೆ ಸಾಲ ಜಂಟಿಯಾದ್ದರಿಂದ ಉಳಿದದ್ದೆಲ್ಲ ಅವನ ತಲೆಗೆ. ಅವನು ಮೊದಲು ಹಾಕಿದರೆ ಎಲ್ಲ ನನ್ನ ತಲೆಗೆ.

"ಅವರ ಹೆಸರಲ್ಲಿ ಆಸ್ತಿ ಏನಾದ್ರೂ ಇದೆಯಾ?" ಎಂದು ಕೇಳಿದರು.

ಇದೆ. ಅತ್ತೆ ಇರುವ ಎರಡು ಕೋಣೆಯ ಮನೆಯಲ್ಲಿ ಅರ್ಧ ಅವನ ಹೆಸರಿನಲ್ಲಿದೆ, ಮಾವನವರು ಬರೆದಿಟ್ಟದ್ದು. ಹೇಳಿದೆ. ಮೇಡಂ ಅದನ್ನೂ ಪೆನ್ಸಿಲ್ಲಿನಲ್ಲಿ ಬರೆದುಕೊಂಡು, "ಹಾಗಾದ್ರೆ ಸಾಲ ಕೊಟ್ಟವರು ಅಲ್ಲಿಗೆ ಹೋಗ್ತಾರೆ" ಎಂದರು.

ಮಾರ್ಚ್ 12, ಬುಧವಾರ

ಅವನಿಗಿಂತ ಮುಂಚೆ ಹಾಕಬೇಕು. ಬೇರೆ ದಾರಿ ಇಲ್ಲ.

ಮಾರ್ಚ್ 13, ಗುರುವಾರ

ಅತ್ತೆ ಬಂದರು. ಇವತ್ತು ಬಲಗಡೆ. ಮೆಷಿನ್ ಸದ್ದು ಕೇಳಿಸಿದೆ.

ಅಡುಗೆಮನೆ ಗೋಡೆಗೆ ಯಾವ ಬಣ್ಣ ಹೊಡೆಸಲಿ ಎಂದು ನನ್ನನ್ನು ಕೇಳಿದರು. ಅಂಗಡಿಯಿಂದ ತಂದ ಬಣ್ಣದ ಚೀಟಿಗಳನ್ನು ಬೆಂಚಿನ ಮೇಲೆ ಹರವಿ, "ನಾನು ಎಷ್ಟು ವರ್ಷ ಇರ್ತೀನೋ, ಇರೋವರೆಗೂ ಬೆಳಕಾಗಿರ್ಲಿ" ಎಂದರು. ನಾನು ಮುಖ ಎತ್ತಲಿಲ್ಲ. ತಿಳಿ ಹಳದಿ ಎಂದೆ. ಅವರಿಗೆ ಖುಷಿಯಾಯಿತು. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

ಆದರೂ ಯೋಚಿಸಬೇಕು. ಅವನು ಹಾಕಿದರೂ ಆ ಅರ್ಧ ಮನೆ ಹೋಗುತ್ತದೆ. ತಾಯಿಯ ಮನೆಯನ್ನು ಅವನೇ ಲೆಕ್ಕಕ್ಕಿಡದಿದ್ದರೆ ನಾನೊಬ್ಬಳೇ ಯಾಕೆ ಇಡಬೇಕು? ಹೀಗೆ ಬರೆದರೆ ಸರಿಯಾಗಿಯೇ ಕಾಣುತ್ತದೆ. ಅತ್ತೆ ಎದುರಿಗೆ ಕೂತಾಗ ಕಾಣುವುದಿಲ್ಲ.

ಮಾರ್ಚ್ 15, ಶನಿವಾರ

ಬಣ್ಣ ಮಾಡಿಕೊಡುತ್ತಿದ್ದ ಲ್ಯಾಬಿನವರು ಕೈಯೆತ್ತಿದರು, ಅವರಿಗೂ ಕೆಲಸ ಜಾಸ್ತಿಯಂತೆ. ಸೋಮವಾರ ಬೆಳಿಗ್ಗೆ ಒಬ್ಬ ಶಾಲಾ ಟೀಚರಿಗೆ ಮುಂದಿನ ಹಲ್ಲಿನ ಕ್ಯಾಪ್ ಕೊಡಲೇಬೇಕು. ಮುಂದಿನ ಹಲ್ಲು! ನಾಲ್ಕು ಸಲ ಸುಟ್ಟೆ. ಮೊದಲನೆಯದು ಸೀಮೆಸುಣ್ಣ, ಎರಡನೆಯದು ತುಕ್ಕು. ಮೂರನೆಯದರ ಬಗ್ಗೆ ಮಾತು ಬೇಡ. ನಾಲ್ಕನೆಯದನ್ನು ಕಿಟಕಿಯ ಹತ್ತಿರ ಹಿಡಿದು ನೋಡಿದೆ. ಬೂದು ಒಂದು ಎಳೆ ಹೆಚ್ಚು. ಆದರೂ ಅದು ಹಲ್ಲಿನ ಹಾಗಿತ್ತು. ಹೋದರೆ ಹೋಗಲಿ ಎಂದು ಕಳಿಸಿದೆ.

ಮಾರ್ಚ್ 18, ಮಂಗಳವಾರ

ಟೀಚರಮ್ಮ ಕನ್ನಡಿ ನೋಡಿ ಅತ್ತರಂತೆ. ಒಳ್ಳೆಯ ಅಳು ಎಂದು ಡಾಕ್ಟರು ಫೋನ್ ಮಾಡಿ ಹೇಳಿದರು. ಇನ್ನೊಂದು ಕಳಿಸುತ್ತಾರೆ.

ಅರ್ಜಿಯ ಹನ್ನೊಂದು ಪುಟ ತುಂಬಿದೆ. 24ಕ್ಕೆ ಮೇಡಂ ಹತ್ತಿರ ಹೋಗಿ ಸಹಿ ಹಾಕಿ ಕೊಡುವುದು. ಒಂದು ಜಾಗ ಮಾತ್ರ ಬಾಕಿ: ಒಪ್ಪಂದದಲ್ಲಿ ಇವತ್ತಿಗೆ ಉಳಿದ ಮೊತ್ತ, ಕಚೇರಿಯ ಕೊನೆಯ ಪತ್ರದಲ್ಲಿರುವಂತೆ. ಬಾಯಿ ಲೆಕ್ಕ ಬರೆಯೋ ಹಾಗಿಲ್ಲ, ಪತ್ರವನ್ನೇ ಲಗತ್ತಿಸಬೇಕು ಎಂದು ಮೇಡಂ ಒತ್ತಿ ಹೇಳಿದ್ದಾರೆ.

ಡ್ರಾಯರ್ ತೆಗೆಯಬೇಕು. ನಾಳೆ.

ಮಾರ್ಚ್ 20, ಗುರುವಾರ

ನಿನ್ನೆ ತೆಗೆಯಲಿಲ್ಲ. ಇವತ್ತು ಅತ್ತೆ ಕೂತಿರುವಾಗಲೇ ತೆಗೆದೆ. ಒಬ್ಬಳೇ ಇದ್ದಾಗ ಧೈರ್ಯ ಬರುತ್ತಿರಲಿಲ್ಲ. ಒಂಬತ್ತು ಕಂದು ಲಕೋಟೆಗಳು, ಕೊನೆಯದು ಕಳೆದ ವಾರವಷ್ಟೇ ಬಂದದ್ದು. ಹೊಸದನ್ನು ಮೇಣ ಕೆತ್ತುವ ಚಾಕುವಿನಿಂದ ಸೀಳಿದೆ.

"ಉಳಿದ ಕಂತುಗಳು: 12" ಎಂದಿತ್ತು.

ಟೈಪ್ ಮಾಡುವವರ ತಪ್ಪು ಎಂದುಕೊಂಡೆ. ನನ್ನ ಲೆಕ್ಕದಲ್ಲಿ ಇಪ್ಪತ್ತೊಂದು. ಕೆಳಗಿನ ಸಾಲು ಓದಿದೆ. "ಈ ತಿಂಗಳು ಎರಡು ಪೂರ್ಣ ಕಂತು ಸಂದಾಯವಾಗಿದೆ. ಹೆಚ್ಚುವರಿ ಮೊತ್ತವನ್ನು ಒಪ್ಪಂದಕ್ಕೆ ಜಮಾ ಮಾಡಲಾಗಿದೆ. ದಯವಿಟ್ಟು ಗಮನಿಸಿ." ಇನ್ನೊಂದನ್ನು ಸೀಳಿದೆ. ಅದರಲ್ಲೂ ಅದೇ. ಒಂಬತ್ತರಲ್ಲೂ ಅದೇ, ಕೊನೆಕೊನೆಗೆ 'ದಯವಿಟ್ಟು ಗಮನಿಸಿ' ಎನ್ನುವುದರ ಕೆಳಗೆ ಗೆರೆ ಎಳೆದಿದ್ದರು.

ಅತ್ತೆ, "ಏನಮ್ಮ, ಕೆಟ್ಟ ಸುದ್ದಿನಾ?" ಎಂದರು.

"ನಿಮ್ಮ ಮಗ ಬೈಕ್ ಯಾಕೆ ಮಾರಿದ?"

"ಕಂತಿಗೆ. ನಿನಗೆ ಗೊತ್ತಿಲ್ವಾ?"

ಒಂಬತ್ತು ತಿಂಗಳ ಮೇಲೆ ಅವನ ನಂಬರ್ ಒತ್ತಿದೆ. ಒಂದೇ ರಿಂಗಿಗೆ ಎತ್ತಿದ.

"ಅಮ್ಮಂಗೆ ಏನಾಯ್ತು?"

"ಅಮ್ಮ ಚೆನ್ನಾಗಿದಾರೆ, ಇಲ್ಲೇ ಕೂತಿದಾರೆ. ನೀನು ಕಂತು ಪೂರ್ತಿ ಕಟ್ತಾ ಇದೀಯಾ?"

"ಹೂಂ. ನೀನು ಒಬ್ಬಳೇ ಲ್ಯಾಬ್ ನಡೆಸ್ಕೊಂಡು ಎಲ್ಲಿಂದ ಕಟ್ತೀಯ ಅಂತ. ನಿನ್ನ ಕೈಲಿ ಆಗಲ್ಲ ಅಂದ್ಕೊಂಡೆ."

"ನನ್ನ ಕೈಲಿ ಆಗಲ್ಲ ಅಂತ ನಿನಗೆ ಯಾರು ಹೇಳಿದ್ದು? ನಾನೂ ಪೂರ್ತಿ ಕಟ್ಟಿದೀನಿ."

"ಯಾಕೆ?"

"ನೀನು ಕಟ್ಟಲ್ಲ ಅಂತ!"

"ಅಂದ್ರೆ ನನ್ನ ಮೇಲೆ ಅಷ್ಟೂ ನಂಬಿಕೆ ಇರ್ಲಿಲ್ಲ."

"ನಿನಗಿತ್ತಾ?"

ಇಬ್ಬರೂ ಸಿಟ್ಟಿನಲ್ಲಿ ಉಸಿರು ಬಿಡುತ್ತಿದ್ದೆವು. ಮೊದಲು ನಕ್ಕದ್ದು ಯಾರು ಎಂದು ಗೊತ್ತಿಲ್ಲ, ನಾನಂತೂ ಅಲ್ಲ ಎಂದು ಬರೆದಿಡುತ್ತೇನೆ. ಅತ್ತೆಯೂ ನಕ್ಕು ಸೆಟ್ಟು ಜಾರಿತು.

ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು ಎನ್ನುವುದನ್ನು ಕೇಳಿದ್ದೇನೆ. ಎರಡೂ ಏರಿಗೇ ಎಳೆಯುತ್ತಾ ಒಂದನ್ನೊಂದು ಬೈದುಕೊಂಡದ್ದು ನಮ್ಮ ಮನೆಯಲ್ಲಿ ಮಾತ್ರ ಇರಬೇಕು. ನನ್ನ ಬಾಡಿಗೆ, ಅವನ ಬೈಕು, ಇಬ್ಬರ ನಿದ್ದೆ ಎಲ್ಲ ಅದಕ್ಕೆ ಹೋಯಿತು.

ಮಾರ್ಚ್ 21, ಶುಕ್ರವಾರ

ನಿನ್ನೆ ನಕ್ಕದ್ದು ಇವತ್ತಿಗೆ ಆರಿದೆ. ಅವನಿಗೆ ನನ್ನ ಮೇಲೆ ಮರುಕ ಇತ್ತು, ನಂಬಿಕೆ ಇರಲಿಲ್ಲ. ನನಗೆ ಮರುಕವೂ ಇರಲಿಲ್ಲ. ಕಂತು ಒಂಬತ್ತು ಕಡಿಮೆಯಾದರೂ ಈ ತಿಂಗಳ ಬಾಡಿಗೆ ಬಾಕಿ ಬಾಕಿಯೇ, ಕೈ ಖಾಲಿಯೇ. ಪೂರ್ತಿ ಕಂತನ್ನು ನಾನು ಇನ್ನು ಎರಡು ತಿಂಗಳೂ ಎಳೆಯಲಾರೆ. ಅರ್ಜಿಯ ಹನ್ನೊಂದು ಪುಟ ಮೇಜಿನ ಮೇಲೇ ಇದೆ. ಸಹಿ ಹಾಕಿದರೆ ಕುತ್ತಿಗೆ ಬಿಡಿಸಿಕೊಂಡ ಹಾಗೆ.

ಅವನಿಗೆ ಮೆಸೇಜ್ ಮಾಡಿ, 24ಕ್ಕೆ ಮೇಡಂ ಹತ್ತಿರ ಬಾ ಎಂದೆ. ಅರ್ಜಿಯ ವಿಷಯ ಬರೆಯಲಿಲ್ಲ. ಬರುತ್ತೇನೆ ಎಂದ.

ಮಾರ್ಚ್ 24, ಸೋಮವಾರ

ಅವನು ಬಸ್ಸಿನಿಂದ ಇಳಿದು ಬಂದ. ಸೊರಗಿದ್ದಾನೆ. ಶರ್ಟಿನ ತೋಳಿಗೆ ಪ್ಲಾಸ್ಟರ್ ಅಂಟಿತ್ತು, ಅದನ್ನು ಯಾವತ್ತೂ ನೋಡಿಕೊಳ್ಳುವವನಲ್ಲ. ನಾನು ಅರ್ಜಿಯನ್ನು ಮೇಜಿನ ಮೇಲಿಟ್ಟೆ. ಮೊದಲ ಪುಟದ ಹೆಸರು ನೋಡಿ ಅವನ ಮುಖ ಬಿಳಿಚಿಕೊಂಡಿತು.

"ನಿನಗಿಂತ ಮುಂಚೆ ಹಾಕಬೇಕು ಅಂತಿದ್ದೆ" ಎಂದೆ. ಸುಳ್ಳು ಹೇಳುವ ಮನಸ್ಸಿರಲಿಲ್ಲ.

"ನಾನು ಅವತ್ತು ಇಲ್ಲಿಗೆ ಬಂದಿದ್ದು ಅರ್ಜಿ ಹಾಕೋಕಲ್ಲ. ನೀನು ಹಾಕಿದ್ರೆ ಅಮ್ಮನ ಮನೆ ಏನಾಗತ್ತೆ ಅಂತ ಕೇಳೋಕೆ ಬಂದಿದ್ದೆ. ಕೇಳಿದ ಮೇಲೆ ನಿದ್ದೆ ಬರ್ಲಿಲ್ಲ."

ಪೆನ್ಸಿಲ್ ಮೇಡಂ ಇಬ್ಬರ ಮುಖವನ್ನೂ ನೋಡಿ, ಪಾಪ, ಎರಡು ವಾರದಿಂದ ಹೊಟ್ಟೆಯಲ್ಲಿಟ್ಟುಕೊಂಡದ್ದಕ್ಕೆ ಉಸಿರು ಬಿಟ್ಟರು. ಆಮೇಲೆ ಲಕೋಟೆಗಳನ್ನು ಜೋಡಿಸಿ ನೋಡಿ ಮೂರು ದಾರಿ ಹೇಳಿದರು. ನಾನು ಅರ್ಜಿಗೆ ಸಹಿ ಹಾಕಬಹುದು. ಇಲ್ಲ, ಒಪ್ಪಂದವನ್ನು ಇಬ್ಬರ ಹೆಸರಿಗೂ ಬೇರೆ ಬೇರೆ ಮಾಡಿಸಬಹುದು, ಅದಕ್ಕೆ ಸಾಲ ಕೊಟ್ಟ ಮೂವರೂ ಒಪ್ಪಬೇಕು, ಒಪ್ಪುವಾಗ ಅವರು ನಿಂತ ಬಡ್ಡಿಯನ್ನು ಮತ್ತೆ ಕೇಳಿದರೂ ಕೇಳಬಹುದು. ಇಲ್ಲವೇ ಇದ್ದ ಒಪ್ಪಂದವನ್ನೇ ಇದ್ದ ಹಾಗೆ ಮುಂದುವರಿಸಬಹುದು. ಹನ್ನೆರಡು ತಿಂಗಳು, ಅರ್ಧರ್ಧ.

"ಮೂರನೇದಕ್ಕೆ ಒಂದು ಹಾಳೆನೂ ಬೇಡ. ಅರ್ಧ ಅಂದ್ರೆ ನೀವಿಬ್ಬರೂ ಬಾಡಿಗೆ, ಬಸ್ಸು ಎಲ್ಲ ನೋಡ್ಕೊಂಡು ಕಟ್ಟಬಹುದು. ಆದ್ರೆ ಹೆಸರು ಜಂಟಿ. ಡೈವೋರ್ಸ್ ಆದ ಮೇಲೂ ಜಂಟಿ. ಹೆಚ್ಚುವರಿ ಜಮಾ ಆಗಿದ್ದು ಕೊನೇ ಕಂತುಗಳಿಗೆ, ಒಬ್ಬರು ಯಾವುದೇ ತಿಂಗಳ ಅರ್ಧ ತಪ್ಪಿಸಿದ್ರೂ ಅವತ್ತೇ ಮುರಿದುಹೋಗತ್ತೆ. ಅದಕ್ಕೆ ಕಾನೂನಲ್ಲಿ ಔಷಧ ಇಲ್ಲ. ನಂಬ್ತೀರಾ ಇಲ್ವಾ, ಅಷ್ಟೇ."

ಗಂಡನಾಗಿದ್ದಾಗ ನಂಬಲಿಲ್ಲ, ಗಂಡನಲ್ಲದ ಮೇಲೆ ನಂಬಬೇಕಂತೆ. ನನಗೆ ನಗು ಬಂತು, ಅಳುವೂ ಬಂತು. ಹೊರಗೆ ಹೋಗಿ ನೀರು ಕುಡಿದೆ. ಅವನು ಹಿಂದೆಯೇ ಬಂದು ಸ್ವಲ್ಪ ದೂರದಲ್ಲಿ ನಿಂತ.

"ಟೀಚರ್ ಹಲ್ಲು ನೀನೇ ಸುಟ್ಟಿದ್ದಂತೆ. ಡಾಕ್ಟರ್ ಸಿಕ್ಕಿದ್ರು."

"ಬೂದು ಜಾಸ್ತಿ ಆಯ್ತು."

"ನನ್ನ ಮೊದಲನೇದು ಹಸಿರಾಗಿತ್ತು." ಆಮೇಲೆ ನೆಲ ನೋಡಿಕೊಂಡು, "ಮೆಷಿನ್ ತರೋವಾಗ ನಿನ್ನ ಕೇಳಬೇಕಿತ್ತು" ಎಂದ.

ಈ ಒಂದು ಮಾತಿಗೆ ಐದು ವರ್ಷ ಕಾದಿದ್ದೆ. ಬಂದಾಗ ಏನು ಮಾಡಬೇಕೋ ತೋಚಲಿಲ್ಲ. "ಅದಕ್ಕೆ ನಾನೂ ಒಂದು ವರ್ಷ ನಿನ್ನ ಹತ್ರ ಮಾತು ಬಿಡಬಾರದಿತ್ತು" ಎಂದೆ. ಮತ್ತೆ ಸೇರೋಣ ಎಂದು ಅವನೂ ಅನ್ನಲಿಲ್ಲ, ನಾನೂ ಅನ್ನಲಿಲ್ಲ. ನಮ್ಮ ಮದುವೆ ಮುಗಿದಿದೆ, ಅದು ಇಬ್ಬರಿಗೂ ಗೊತ್ತು.

ಒಳಗೆ ಬಂದು ಹನ್ನೊಂದು ಪುಟವನ್ನು ವಾಪಸ್ ಚೀಲಕ್ಕೆ ಹಾಕಿದೆ. "ಮೂರನೇದು" ಎಂದೆ. ಅವನು ತಲೆಯಾಡಿಸಿದ. ಇನ್ನು ಮುಂದೆ ಫೋನಿನಲ್ಲಿ ಬೇಡ, ಒಪ್ಪಂದದ ಕಚೇರಿಯ ಕೌಂಟರಿನಲ್ಲೇ ಕಟ್ಟಿ ಅವರವರ ರಸೀದಿ ತೆಗೆದುಕೊಳ್ಳಿ ಎಂದರು ಮೇಡಂ. ಅದನ್ನು ಮಾತ್ರ ಪೆನ್ನಿನಲ್ಲಿ ಬರೆದರು.

ಮಾರ್ಚ್ 29, ಶನಿವಾರ

ಈ ವಾರ ಮೂರು ಕ್ಯಾಪು, ಒಂದು ಪೂರ್ತಿ ಸೆಟ್ಟು. ಎಲ್ಲ ಬಣ್ಣ ಇಲ್ಲೇ. ಕುಣಿಕೆ ಸಡಿಲವಾದ ಹಾಗಿದೆ, ಊಟ ರುಚಿಸುತ್ತಿದೆ.

ಏಪ್ರಿಲ್ 2, ಬುಧವಾರ

ಮುಗಿಯಿತು. ಕೋರ್ಟಿನಲ್ಲಿ ಏಳು ನಿಮಿಷವೂ ಹಿಡಿಯಲಿಲ್ಲ. ಇಪ್ಪತ್ತೊಂದು ವರ್ಷಕ್ಕೆ ಏಳು ನಿಮಿಷ. ಮೆಟ್ಟಿಲಲ್ಲಿ ಅವನು, "ಶನಿವಾರ ಐದನೇ ತಾರೀಕು" ಎಂದ. "ಗೊತ್ತು" ಎಂದೆ. ಅವನು ಎಡಕ್ಕೆ, ನಾನು ಬಲಕ್ಕೆ.

ಮನೆಗೆ ಬಂದು ಚೆನ್ನಾಗಿ ಅತ್ತುಬಿಟ್ಟೆ. ಬೇಕಾಗಿತ್ತು.

ಏಪ್ರಿಲ್ 3, ಗುರುವಾರ

ಅತ್ತೆ ಬಂದರು. ಸೆಟ್ಟು ತೊಳೆಯಲು ಕೈ ಚಾಚಿದೆ.

"ಬೇಡ. ಇವತ್ತು ಎಲ್ಲೂ ಒತ್ತಲ್ಲ. ಸುಮ್ಮನೆ ಬಂದೆ" ಎಂದರು. ಬಂದು ಕೂತು, ಅಡುಗೆಮನೆ ಗೋಡೆ ಹೇಗೆ ಬಂದಿದೆ ಎಂದು ಹೇಳುತ್ತಾ ಹೋದರು. ಭಾನುವಾರ ನೋಡಲು ಬರಬೇಕಂತೆ. ಅವನು ಇರುತ್ತಾನಾ ಎಂದು ಕೇಳಿದೆ. "ಇದ್ರೆ ಇರ್ಲಿ, ನಿನ್ನ ಕರೀತಿರೋದು ನಾನು" ಎಂದರು.

ಏಪ್ರಿಲ್ 5, ಶನಿವಾರ

ಶನಿವಾರ ಕಚೇರಿ ಅರ್ಧ ದಿನ. ನಾನು ಹೋದಾಗ ಹನ್ನೊಂದು ಗಂಟೆ, ಮುಂದೆ ಆರು ಜನ. ಚೀಲದಲ್ಲಿ ಎರಡು ಪೊಟ್ಟಣ ಇತ್ತು, ಒಂದರಲ್ಲಿ ಅರ್ಧ ಕಂತು, ಇನ್ನೊಂದರಲ್ಲಿ ಮಾಲೀಕರಿಗೆ ಒಂದು ತಿಂಗಳ ಬಾಡಿಗೆ. ಎರಡನ್ನೂ ಸೇರಿಸಿದರೆ ಹೆಚ್ಚು ಕಡಿಮೆ ಪೂರ್ತಿ ಕಂತು ಆಗುತ್ತದೆ. ಸಾಲಿನಲ್ಲಿ ನಿಂತಷ್ಟು ಹೊತ್ತೂ ಅದೇ ತಲೆಯಲ್ಲಿ. ಅವನ ಬಸ್ಸು ಕೆಟ್ಟು ನಿಂತಿದ್ದರೆ? ಸಂಬಳ ತಡವಾಗಿದ್ದರೆ? ಮರೆತಿದ್ದರೆ? ಎರಡು ಸ್ಥಾನ ಮುಂದೆ ಹೋಗುವಷ್ಟರಲ್ಲಿ ಬಾಡಿಗೆಯ ಪೊಟ್ಟಣ ಅದು ಹೇಗೋ ಕೈಗೆ ಬಂದಿತ್ತು. ಒಳಗಿಟ್ಟೆ.

ಕೌಂಟರಿನಲ್ಲಿದ್ದ ಗುಮಾಸ್ತೆಗೆ ನಮ್ಮ ನಂಬರ್ ನೆನಪಿತ್ತು. "ಓ, ನೀವಾ! ಗಮನಿಸಿ ಗಮನಿಸಿ ಅಂತ ಗೆರೆ ಎಳೆದೂ ಎಳೆದೂ ಸಾಕಾಯ್ತು ನನಗೆ" ಎಂದು ನಕ್ಕಳು. ಹಣ ಎಣಿಸಿದಳು.

"ಇದು ಅರ್ಧ ಇದೆ ಮೇಡಂ."

"ಹೌದು, ಅರ್ಧವೇ."

"ಇನ್ನರ್ಧ ಬಂದಿದೆಯಾ ನೋಡಿ ಹೇಳ್ಲಾ? ಇಲ್ಲೇ ಇದೆ, ಒಂದು ಕ್ಷಣ."

ಅವಳ ಬೆರಳು ಆಗಲೇ ಕೀಬೋರ್ಡಿನ ಮೇಲಿತ್ತು.

"ಬೇಡಮ್ಮ" ಎಂದೆ. "ಅದು ಅವನ ಕೆಲಸ."

ಅವಳು ಒಂದು ಸಲ ನನ್ನ ಮುಖ ನೋಡಿ ರಸೀದಿ ಹರಿದು ಕೊಟ್ಟಳು. ಅದರಲ್ಲಿ ನನ್ನ ಹೆಸರೊಂದೇ ಇತ್ತು. ಮಡಿಚಿ ಇಟ್ಟುಕೊಂಡು ಹೊರಗೆ ಬಂದೆ, ದಾರಿಯಲ್ಲೇ ಮಾಲೀಕರ ಮನೆ ಸಿಗುತ್ತದೆ, ಬಾಡಿಗೆ ಕೊಟ್ಟು ಲ್ಯಾಬಿಗೆ ಹೋದೆ. ಸಂಜೆಯವರೆಗೆ ಮೇಣ ಕೆತ್ತಿದೆ. ಫೋನ್ ಬೆಂಚಿನ ಮೇಲೇ ಇತ್ತು, ಯಾರಿಗೂ ಮಾಡಲಿಲ್ಲ.